ಓದಿದವರು ಆಗಲೇ ಕೆಲಸಕ್ಕೆ ಇಳಿಯುವಂತೆ ಬರೆಯುವುದು: ಆಫೀಸ್ ಇಮೇಲ್ ಮತ್ತು ವ್ಯವಹಾರ ಪತ್ರಗಳ ಸಮಗ್ರ ಮಾರ್ಗದರ್ಶಿ

ಬಾಕಿ ಹಣ ಕೇಳಿ ಸಣ್ಣ ಉದ್ಯಮಿಗಳು ಕಳಿಸುವ ಇಮೇಲ್ ಸಾಮಾನ್ಯವಾಗಿ ಹೀಗಿರುತ್ತದೆ:

"ವಿಷಯ: ಪೇಮೆಂಟ್ ಬಗ್ಗೆ. ಸರ್, ನಮ್ಮ ಪೇಮೆಂಟ್ ತುಂಬಾ ದಿನದಿಂದ ಪೆಂಡಿಂಗ್ ಇದೆ. ಎಷ್ಟೋ ಸಲ ಫೋನ್ ಮಾಡಿದ್ದೇವೆ. ದಯವಿಟ್ಟು ಆದಷ್ಟು ಬೇಗ ಕ್ಲಿಯರ್ ಮಾಡಿಕೊಡಿ."

ಇದರಲ್ಲಿ ಮರ್ಯಾದೆ ಇದೆ, ತಪ್ಪು ಮಾತು ಒಂದೂ ಇಲ್ಲ. ಆದರೆ ಅಕೌಂಟ್ಸ್ ವಿಭಾಗದಲ್ಲಿ ಕೂತು ಇದನ್ನು ಓದುವವರ ಜಾಗದಲ್ಲಿ ನಿಂತು ನೋಡಿ. ಯಾವ ಬಿಲ್? ಎಷ್ಟು ಹಣ? ಯಾವ ಆರ್ಡರ್‌ಗೆ? ಮಾಲು ಯಾವತ್ತು ತಲುಪಿತು? ಒಂದಕ್ಕೂ ಉತ್ತರ ಇಲ್ಲ. ಅವರೇ ಹುಡುಕಬೇಕು, ಇಲ್ಲವೇ ನಿಮಗೆ ವಾಪಸ್ ಬರೆದು ಕೇಳಬೇಕು. ಅವರ ಮುಂದೆ ಇಂಥ ಇಮೇಲ್ ಹತ್ತಾರು ಇರುತ್ತವೆ. ಬೇಗ ಮುಗಿಯುವುದನ್ನು ಮೊದಲು ಮುಗಿಸುತ್ತಾರೆ. ನಿಮ್ಮದು ಕೆಳಗೆ ಉಳಿಯುತ್ತದೆ.

ವ್ಯವಹಾರದ ಪತ್ರವನ್ನು ನಾವು ಒಬ್ಬರ ಹೆಸರಿಗೆ ಬರೆಯುತ್ತೇವೆ, ಕೆಲಸ ಮಾಡುವವರು ಹೆಚ್ಚಿನ ಸಲ ಬೇರೆಯವರೇ. ಮ್ಯಾನೇಜರ್‌ಗೆ ಬರೆದದ್ದು ಕ್ಲರ್ಕ್ ಹತ್ತಿರ ಹೋಗುತ್ತದೆ. ತಹಶೀಲ್ದಾರರಿಗೆ ಕೊಟ್ಟ ಅರ್ಜಿ ವಿಷಯ ನಿರ್ವಾಹಕರ ಮೇಜಿಗೆ ಹೋಗುತ್ತದೆ. ಎಚ್‌ಆರ್‌ಗೆ ಕಳಿಸಿದ ಇಮೇಲ್ ನಿಮ್ಮನ್ನು ಕಂಡೇ ಇಲ್ಲದ ಟೀಮ್ ಲೀಡ್‌ಗೆ ಫಾರ್ವರ್ಡ್ ಆಗುತ್ತದೆ. ಅಲ್ಲೆಲ್ಲ ನೀವು ಪಕ್ಕದಲ್ಲಿ ನಿಂತು ವಿವರಿಸಲು ಆಗುವುದಿಲ್ಲ. ಹಾಗಾಗಿ ಎಷ್ಟು ಕೈ ಬದಲಾದರೂ ಅರ್ಥ ಕೆಡಬಾರದು. ಕೊನೆಯ ಕೈಗೆ ಸಿಕ್ಕವರು ಬೇರೇನನ್ನೂ ಹುಡುಕದೆ ಕೆಲಸ ಶುರು ಮಾಡುವಂತಿರಬೇಕು. ಈ ಒಂದು ವಿಚಾರ ತಲೆಯಲ್ಲಿದ್ದರೆ ಮುಂದಿನ ಹಂತಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

## ಬರೆಯಲು ಕೂರುವ ಮೊದಲು

ಒಂದು ಚೀಟಿಯಲ್ಲಿ ಒಂದೇ ವಾಕ್ಯ ಬರೆದುಕೊಳ್ಳಿ: ಯಾರು, ಏನು, ಯಾವಾಗಿನೊಳಗೆ ಮಾಡಬೇಕು? "ಅಕೌಂಟ್ಸ್‌ನವರು ಬಿಲ್ 118ರ 64,900 ರೂಪಾಯಿಯನ್ನು 15ನೇ ತಾರೀಖಿನೊಳಗೆ ನಮ್ಮ ಖಾತೆಗೆ ಹಾಕಬೇಕು." "ಮ್ಯಾನೇಜರ್ ನನ್ನ ಮೂರು ದಿನದ ರಜೆಗೆ ಶುಕ್ರವಾರದೊಳಗೆ ಒಪ್ಪಿಗೆ ಕೊಡಬೇಕು." ಈ ವಾಕ್ಯ ಬರುತ್ತಿಲ್ಲ ಅಂದರೆ ನಮಗೇ ಏನು ಬೇಕು ಅನ್ನುವುದು ಇನ್ನೂ ಗೊತ್ತಾಗಿಲ್ಲ. ಆಗ ಬರೆದ ಪತ್ರ ಎಷ್ಟು ಉದ್ದವಾದರೂ ಗೊಂದಲವಾಗಿಯೇ ಇರುತ್ತದೆ.

ಎರಡು ಮೂರು ವಾಕ್ಯ ಬಂದರೆ, ಆ ಕೆಲಸಗಳನ್ನು ಮಾಡುವವರು ಒಬ್ಬರೇನಾ ಅಂತ ನೋಡಿ. ಬೇರೆ ಬೇರೆಯವರಾದರೆ ಬೇರೆ ಬೇರೆ ಪತ್ರ ಬರೆಯಿರಿ. ಒಂದೇ ಇಮೇಲ್‌ನಲ್ಲಿ ಬಾಕಿ ಹಣ, ಹೊಸ ಆರ್ಡರ್‌ನ ದರ, ಗೇಟ್ ಪಾಸ್ ಸಮಸ್ಯೆ ಮೂರನ್ನೂ ಸೇರಿಸಿದರೆ ಉತ್ತರ ಬರುವುದು ಯಾವುದಾದರೂ ಒಂದಕ್ಕೆ, ಅದೂ ಸುಲಭವಾದದ್ದಕ್ಕೆ. ಕರ್ನಾಟಕದ ಮಾಹಿತಿ ಹಕ್ಕು ನಿಯಮದಲ್ಲಿ ಇದನ್ನು ಕಡ್ಡಾಯವನ್ನೇ ಮಾಡಿದ್ದಾರೆ: ಒಂದು ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹಕ್ಕಿನ ಅರ್ಜಿಗೆ ಇಂಥ ಮಿತಿ ಹಾಕುವುದು ಸರಿಯೇ ಅನ್ನುವುದು ಬೇರೆ ಪ್ರಶ್ನೆ. ಆದರೆ ಪತ್ರ ಬರೆಯುವ ಅಭ್ಯಾಸಕ್ಕೆ ಅದು ಒಳ್ಳೆಯ ಅಳತೆ. ಬಹುಪಾಲು ವ್ಯವಹಾರದ ಇಮೇಲ್‌ಗಳನ್ನು 150 ಪದದಲ್ಲಿ ಮುಗಿಸಬಹುದು.

ಆಮೇಲೆ ಕಾಗದಗಳನ್ನು ಎದುರಿಗೆ ಇಟ್ಟುಕೊಳ್ಳಿ. ಬಿಲ್ ನಂಬರ್, ಪರ್ಚೇಸ್ ಆರ್ಡರ್ ನಂಬರ್, ಡೆಲಿವರಿ ಚಲನ್, ಹಿಂದಿನ ಪತ್ರದ ದಿನಾಂಕ, ದೂರಿನ ಸಂಖ್ಯೆ. ನೆನಪಿನಿಂದ ಬರೆದ ಒಂದು ಅಂಕಿ ತಪ್ಪಾದರೂ ಇಡೀ ಪತ್ರದ ಮೇಲಿನ ನಂಬಿಕೆ ಹೋಗುತ್ತದೆ.

## ಇಮೇಲೋ, ಕಾಗದವೋ, ವಾಟ್ಸಾಪೋ

ದಿನನಿತ್ಯದ ಕೆಲಸಕ್ಕೆ ಇಮೇಲ್ ಸಾಕು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಗಳಿಗೂ ಕಾನೂನಿನ ಮಾನ್ಯತೆ ಕೊಟ್ಟಿದೆ. ಹಾಗಾಗಿ "ಇಮೇಲ್ ತಾನೆ" ಅಂತ ಹಗುರವಾಗಿ ಬರೆಯಬೇಡಿ. ವಾಟ್ಸಾಪ್‌ನಲ್ಲಿ ಮಾತಾಡಿ ದರ ಅಥವಾ ದಿನಾಂಕ ಒಪ್ಪಿಕೊಂಡಿದ್ದರೆ, ಅದೇ ದಿನ ಎರಡು ಸಾಲಿನ ಇಮೇಲ್ ಹಾಕಿ: "ಇವತ್ತು ಮಾತಾಡಿದಂತೆ, ಒಂದು ಪೀಸ್‌ಗೆ 110 ರೂಪಾಯಿ, ಮೊದಲ ಲೋಡ್ 20ಕ್ಕೆ. ಬದಲಾವಣೆ ಇದ್ದರೆ ನಾಳೆ ಸಂಜೆಯೊಳಗೆ ತಿಳಿಸಿ." ಫೋನ್ ಮಾತಿಗೂ ಇದೇ ಕ್ರಮ. ಆರು ತಿಂಗಳ ಮೇಲೆ "ಹಾಗೆ ಹೇಳಲೇ ಇಲ್ಲ" ಅನ್ನುವ ಜಗಳ ಇದರಿಂದ ತಪ್ಪುತ್ತದೆ.

ಸರ್ಕಾರಿ ಕಚೇರಿ, ಬಾಡಿಗೆ ಒಪ್ಪಂದ ಮುಗಿಸುವುದು, ದೊಡ್ಡ ಬಾಕಿ, ಮುಂದೆ ಕೋರ್ಟಿಗೆ ಹೋಗಬಹುದಾದ ವಿಷಯ, ಇವಕ್ಕೆ ಸಹಿ ಮಾಡಿದ ಕಾಗದ ಬೇಕು. ಮೊದಲು ಇದನ್ನು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೆವು. 2025ರ ಸೆಪ್ಟೆಂಬರ್ 1ರಿಂದ ಅಂಚೆ ಇಲಾಖೆ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದೆ. ಈಗ ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಮಾಡಿಸುವಾಗ ನೋಂದಣಿ ಸೌಲಭ್ಯವೂ ಬೇಕು, ತಲುಪಿದ ದಾಖಲೆಯೂ ಬೇಕು ಅಂತ ಬಾಯಿಬಿಟ್ಟು ಕೇಳಬೇಕು. ರಸೀದಿಯ ಮೇಲಿನ 13 ಅಕ್ಷರದ ಸಂಖ್ಯೆಯನ್ನು ನಿಮ್ಮ ಕಚೇರಿ ಪ್ರತಿಯ ಮೂಲೆಯಲ್ಲಿ ಬರೆದಿಡಿ.

## ವಿಷಯದ ಸಾಲು

ಇಡೀ ಇಮೇಲ್‌ನಲ್ಲಿ ಅತಿ ಹೆಚ್ಚು ಜನ ಓದುವುದು ಇದೊಂದನ್ನೇ. ಮೊಬೈಲ್‌ನಲ್ಲಿ ಅದರ ಮೊದಲ ಐದಾರು ಪದ ಮಾತ್ರ ಕಾಣುತ್ತದೆ. ಆದ್ದರಿಂದ ಗುರುತು ಸಿಗುವ ಪದ ಮುಂದೆ ಬರಲಿ: ಬಿಲ್ ಸಂಖ್ಯೆ, ಹುದ್ದೆಯ ಹೆಸರು, ದಿನಾಂಕ.

"ಮನವಿ", "ಅರ್ಜೆಂಟ್", "ಪೇಮೆಂಟ್ ಬಗ್ಗೆ", "ಹಲೋ" ಇವುಗಳಿಂದ ಏನೂ ತಿಳಿಯುವುದಿಲ್ಲ. ಬದಲಿಗೆ "ಬಿಲ್ 118, ₹64,900: 15 ಮೇ ಒಳಗೆ ಪಾವತಿಗೆ ಕೋರಿಕೆ" ಅಂತ ಬರೆಯಿರಿ. "ರಜೆ" ಅನ್ನುವ ಬದಲು "ರಜೆ ಕೋರಿಕೆ: 10ರಿಂದ 12 ಜೂನ್". ಮೂರು ತಿಂಗಳ ಮೇಲೆ ಹುಡುಕಿದರೂ ಇಂಥ ಸಾಲು ತಕ್ಷಣ ಸಿಗುತ್ತದೆ. ಅರ್ಜೆಂಟ್ ಅನ್ನುವ ಪದ ನಿಜವಾಗಿಯೂ ಇವತ್ತೇ ಆಗಬೇಕಾದದ್ದಕ್ಕೆ ಮಾತ್ರ ಇರಲಿ. ಪ್ರತಿ ಇಮೇಲ್‌ಗೂ ಅದನ್ನು ಹಾಕುವವರ ಅರ್ಜೆಂಟನ್ನು ಯಾರೂ ನಂಬುವುದಿಲ್ಲ.

ಮಾತು ಬೇರೆ ಕಡೆ ತಿರುಗಿದರೆ ವಿಷಯದ ಸಾಲನ್ನೂ ಬದಲಿಸಿ. ದೀಪಾವಳಿ ರಜೆಯ ಬಗ್ಗೆ ಶುರುವಾದ ಇಮೇಲ್ ಸರಣಿಯಲ್ಲಿ ಹದಿನಾಲ್ಕನೇ ಉತ್ತರವಾಗಿ ಬಜೆಟ್ ಒಪ್ಪಿಗೆ ಇದ್ದರೆ ಅದನ್ನು ಮುಂದೆ ಯಾರು ಹುಡುಕುತ್ತಾರೆ?

## ಹೇಗೆ ಕರೆಯುವುದು

ಕನ್ನಡದಲ್ಲಿ "ಮಾನ್ಯರೇ" ಎಲ್ಲ ಕಡೆಗೂ ಸಲ್ಲುತ್ತದೆ. ಓದುವವರು ಗಂಡಸೋ ಹೆಂಗಸೋ ಗೊತ್ತಿಲ್ಲದಿದ್ದಾಗಲೂ ಸರಿಹೋಗುತ್ತದೆ. ಇಂಗ್ಲಿಷ್‌ನಲ್ಲಿ ಬರೆಯುವಾಗ ಹೆಸರು ಗೊತ್ತಿದ್ದರೆ ಹೆಸರು ಹಿಡಿದೇ ಬರೆಯಿರಿ, ಕಾಗುಣಿತ ಎರಡು ಸಲ ನೋಡಿ. ಹೆಸರು ತಪ್ಪಾದರೆ ಉಳಿದದ್ದನ್ನು ಎಷ್ಟು ಚೆನ್ನಾಗಿ ಬರೆದರೂ ಓದುವವರಿಗೆ ಮೊದಲೇ ಬೇಸರವಾಗಿರುತ್ತದೆ.

ಸರ್ಕಾರಿ ಅಧಿಕಾರಿಗಳಿಗೆ "ತಾವು", ಕಂಪನಿಗಳ ನಡುವೆ "ನೀವು" ಸಾಕು. ಆದರೆ ಒಂದೇ ಪತ್ರದಲ್ಲಿ ಎರಡೂ ಬೆರೆಸಬೇಡಿ. ಇನ್ನೊಂದು ವಿಷಯ ನನಗೆ ಮುಖ್ಯ. ಅರ್ಜಿಗಳಲ್ಲಿ "ಬಡವನಾದ ನನ್ನ ಮೇಲೆ ದಯೆ ತೋರಿ" ಅನ್ನುವಂಥ ಸಾಲುಗಳು ಇನ್ನೂ ಕಾಣುತ್ತವೆ. ಬೀದಿ ದೀಪ, ಖಾತೆ, ಪಿಂಚಣಿ ಇವೆಲ್ಲ ಯಾರೋ ಮಾಡುವ ಉಪಕಾರವಲ್ಲ, ನಿಮಗೆ ಬರಬೇಕಾದ ಸೇವೆ. "ಕ್ರಮ ಕೈಗೊಳ್ಳಬೇಕಾಗಿ ಕೋರುತ್ತೇನೆ" ಅಂದರೆ ಮರ್ಯಾದೆಯೂ ಉಳಿಯುತ್ತದೆ, ತಲೆಯೂ ತಗ್ಗುವುದಿಲ್ಲ.

## ಒಡಲು: ಬೇಕಾದದ್ದು ಮೊದಲು, ಕಥೆ ಆಮೇಲೆ

ನಾವು ಮಾತಾಡುವಾಗ ಊಟ ಆಯ್ತಾ, ಮಳೆ ಹೇಗಿದೆ ಅಂತ ಶುರು ಮಾಡಿ ಕೊನೆಗೆ ವಿಷಯಕ್ಕೆ ಬರುತ್ತೇವೆ. ಮಾತಿನಲ್ಲಿ ಅದು ಚೆಂದ. ಇಮೇಲ್‌ನಲ್ಲಿ ಹಾಗೆ ಮಾಡಿದರೆ ಓದುವವರು ವಿಷಯ ಬರುವ ಮೊದಲೇ ಮುಚ್ಚಿಬಿಡುತ್ತಾರೆ. ಚೀಟಿಯಲ್ಲಿ ಬರೆದುಕೊಂಡ ಆ ಒಂದು ವಾಕ್ಯವೇ ಮೊದಲ ಅಥವಾ ಎರಡನೇ ಸಾಲಾಗಲಿ. ಆಮೇಲೆ ಅದಕ್ಕೆ ಬೇಕಾದಷ್ಟೇ ಹಿನ್ನೆಲೆ. ಕೊನೆಯಲ್ಲಿ ಮುಂದೇನು ಅನ್ನುವುದು.

ಅಂಕಿ, ದಿನಾಂಕ, ಖಾತೆ ಸಂಖ್ಯೆ ಇವನ್ನು ವಾಕ್ಯದ ಮಧ್ಯೆ ತುರುಕಬೇಡಿ, ಬೇರೆ ಸಾಲಿನಲ್ಲಿ ಬಿಡಿಬಿಡಿಯಾಗಿ ಇಡಿ. ಅಕೌಂಟ್ಸ್‌ನವರು ಕಾಪಿ ಮಾಡಿಕೊಳ್ಳುವುದು ಅವನ್ನೇ. "ಆದಷ್ಟು ಬೇಗ" ಅನ್ನುವ ಕಡೆಯೆಲ್ಲ ಒಂದು ತಾರೀಖು ಹಾಕಿ. ಹಾಗೆಯೇ ನಮ್ಮ ಆಫೀಸುಗಳಲ್ಲಿ ಬೇರೂರಿರುವ "ಪ್ಲೀಸ್ ಡೂ ದ ನೀಡ್‌ಫುಲ್" ಬಿಟ್ಟುಬಿಡಿ. ಏನು ಮಾಡಬೇಕು ಅನ್ನುವುದನ್ನು ಊಹಿಸುವ ಕೆಲಸವನ್ನೂ ಅದು ಓದುವವರ ಮೇಲೇ ಹಾಕುತ್ತದೆ.

ಹೊರದೇಶದವರಿಗೆ ಬರೆಯುವಾಗ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 03/04 ಅಂದರೆ ಬೆಂಗಳೂರಿನಲ್ಲಿ ಏಪ್ರಿಲ್ 3, ಅಮೆರಿಕದಲ್ಲಿ ಮಾರ್ಚ್ 4. ಮೀಟಿಂಗ್ ಸಮಯವಾದರೆ ಭಾರತದ ಸಮಯ ಯಾವುದು, ಅವರ ಊರಿನ ಸಮಯ ಯಾವುದು ಎರಡನ್ನೂ ಕೊಡಿ. ಇಂಗ್ಲಿಷ್ ಅಷ್ಟು ಚೆನ್ನಾಗಿ ಬರುವುದಿಲ್ಲ ಅಂತ ಹೆದರುವವರಿಗೆ ನನ್ನ ಸಲಹೆ ಇದು: ಮೊದಲು ಕನ್ನಡದಲ್ಲಿ ಚಿಕ್ಕ ಚಿಕ್ಕ ವಾಕ್ಯ ಬರೆದುಕೊಳ್ಳಿ. ಒಂದು ವಾಕ್ಯಕ್ಕೆ ಒಂದೇ ವಿಷಯ. ಅದನ್ನು ಅಷ್ಟೇ ಚಿಕ್ಕ ಇಂಗ್ಲಿಷ್ ವಾಕ್ಯ ಮಾಡಿ. ಉದ್ದ ವಾಕ್ಯ ಹೆಣೆಯಲು ಹೋದಾಗಲೇ ವ್ಯಾಕರಣ ತಪ್ಪುವುದು.

## ಬಾಕಿ ಹಣ ಕೇಳುವ ಪತ್ರ, ಮೊದಲಿಂದ ಕೊನೆವರೆಗೆ

ಇದನ್ನು ವಿವರವಾಗಿ ನೋಡೋಣ. ಸಣ್ಣ ಉದ್ದಿಮೆಗಳು ಜಾಸ್ತಿ ಬರೆಯುವುದು ಇದನ್ನೇ, ಜಾಸ್ತಿ ಸಂಕೋಚ ಪಡುವುದೂ ಇಲ್ಲೇ. ಗಿರಾಕಿ ಕೈಬಿಟ್ಟು ಹೋದರೆ ಅನ್ನುವ ಭಯಕ್ಕೆ ಮೆತ್ತಗೆ ಕೇಳುತ್ತಾರೆ, ತಡೆಯಲಾಗದಾಗ ಒಮ್ಮೆಲೇ ಸಿಟ್ಟಿನಲ್ಲಿ ಬರೆಯುತ್ತಾರೆ. ಎರಡೂ ಬೇಡ. ಮೂರು ಹಂತ ಇಟ್ಟುಕೊಳ್ಳಿ.

ಮಾಲು ತಲುಪಿದ್ದು ಏಪ್ರಿಲ್ 4, ಲಿಖಿತವಾಗಿ ಒಪ್ಪಿದ್ದು 30 ದಿನದ ಕ್ರೆಡಿಟ್ ಅಂದುಕೊಳ್ಳಿ. ಗಡುವು ಮೇ 4. ಒಂದು ವಾರ ಕಳೆದ ಮೇಲೆ ಮೊದಲ ಇಮೇಲ್:

> ವಿಷಯ: ಬಿಲ್ 118, ₹64,900: 15 ಮೇ ಒಳಗೆ ಪಾವತಿಗೆ ಕೋರಿಕೆ
>
> ಮಾನ್ಯರೇ,
>
> ನಮ್ಮ ಬಿಲ್ 118ರ ಹಣ ಮೇ 4ಕ್ಕೆ ಬರಬೇಕಿತ್ತು, ಇನ್ನೂ ಜಮಾ ಆಗಿಲ್ಲ. ದಯವಿಟ್ಟು ಮೇ 15, ಶುಕ್ರವಾರದೊಳಗೆ ಪಾವತಿ ಮಾಡಿ.
>
> ಬಿಲ್ ದಿನಾಂಕ: 04.04.2026
> ಪರ್ಚೇಸ್ ಆರ್ಡರ್: 2207
> ಮಾಲು ತಲುಪಿದ್ದು: 04.04.2026 (ಸಹಿ ಇರುವ ಚಲನ್ ಲಗತ್ತಿಸಿದೆ)
> ಮೊತ್ತ: ₹64,900 (ಜಿಎಸ್‌ಟಿ ಸೇರಿ)
> ಬ್ಯಾಂಕ್ ವಿವರ: ಬಿಲ್‌ನ ಕೆಳಭಾಗದಲ್ಲಿದೆ, ಬದಲಾಗಿಲ್ಲ
>
> ಬಿಲ್‌ನಲ್ಲಿ ಏನಾದರೂ ಸರಿಪಡಿಸಬೇಕಿದ್ದರೆ ನಾಳೆಯೇ ತಿಳಿಸಿ, ಅದೇ ದಿನ ಸರಿಮಾಡಿ ಕಳಿಸುತ್ತೇವೆ. ಈಗಾಗಲೇ ಪಾವತಿ ಮಾಡಿದ್ದರೆ ಯುಟಿಆರ್ (ಬ್ಯಾಂಕ್ ವಹಿವಾಟಿನ) ಸಂಖ್ಯೆ ಕಳಿಸಿ.
>
> ವಂದನೆಗಳು,
> (ಹೆಸರು, ಸಂಸ್ಥೆ, ಮೊಬೈಲ್)

"ಬಿಲ್‌ನಲ್ಲಿ ಏನಾದರೂ ಸರಿಪಡಿಸಬೇಕಿದ್ದರೆ" ಅನ್ನುವ ಸಾಲು ಅಲ್ಲಿ ಸುಮ್ನೆ ಇಲ್ಲ. ಎಷ್ಟೋ ಬಾಕಿಗಳು ನಿಲ್ಲುವುದು ಜಿಎಸ್‌ಟಿ ನಂಬರ್ ತಪ್ಪು, ಆರ್ಡರ್ ಸಂಖ್ಯೆ ಇಲ್ಲ ಅನ್ನುವಂಥ ಕಾರಣಕ್ಕೆ, ಅದನ್ನು ಯಾರೂ ನಿಮಗೆ ಹೇಳಿರುವುದಿಲ್ಲ. ಈ ಸಾಲು ಆ ಕಾರಣವನ್ನು ಹೊರಗೆ ತರುತ್ತದೆ. ಬ್ಯಾಂಕ್ ವಿವರ ಬದಲಾಗಿಲ್ಲ ಅಂತ ಹೇಳುವುದೂ ಮುಖ್ಯ. ಇಮೇಲ್ ಹ್ಯಾಕ್ ಮಾಡಿ "ನಮ್ಮ ಖಾತೆ ಬದಲಾಗಿದೆ" ಅಂತ ಬರೆದು ಹಣ ಹೊಡೆಯುವ ಮೋಸ ಇದೆ. ನಿಮಗೇ ಅಂಥ ಇಮೇಲ್ ಬಂದರೆ ಹಳೆಯ ಫೋನ್ ನಂಬರ್‌ಗೆ ಕರೆ ಮಾಡಿ ಖಚಿತ ಮಾಡಿಕೊಳ್ಳದೆ ಹಣ ಹಾಕಬೇಡಿ.

ಮೇ 15 ದಾಟಿತು, ಉತ್ತರ ಇಲ್ಲ. ಈಗ ಎರಡನೇ ಇಮೇಲ್. ಮೊದಲ ಇಮೇಲ್‌ಗೇ ರಿಪ್ಲೈ ಮಾಡಿ, ಆಗ ಹಳೆಯ ವಿವರವೆಲ್ಲ ಕೆಳಗೇ ಇರುತ್ತದೆ. ಈ ಸಲ ನಿಮಗೆ ಆರ್ಡರ್ ಕೊಟ್ಟವರನ್ನೂ ಸಿಸಿಯಲ್ಲಿ ಸೇರಿಸಿ. ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾಗಿ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇದ್ದರೆ ಕಾನೂನಿನ ಮಾತು ಬರಬೇಕಾದದ್ದು ಇಲ್ಲಿ. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆ ಪ್ರಕಾರ ಖರೀದಿದಾರರು ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಮಾಲು ಸ್ವೀಕರಿಸಿ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. ನೆನಪಿಡಿ, ಈ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಸಿಕ್ಕರೂ ಈ ಸೌಲಭ್ಯ ಸಿಗುವುದಿಲ್ಲ.

ಬರೆಯುವಾಗ ಬೆದರಿಕೆಯ ದನಿ ಬೇಡ, ವಿಷಯ ಇದ್ದಹಾಗೆ ಇಡಿ:

> ಮೇ 11ರ ನಮ್ಮ ಇಮೇಲ್‌ಗೆ ಉತ್ತರ ಬಂದಿಲ್ಲ. ಬಿಲ್ 118ರ ₹64,900 ಇನ್ನೂ ಬಾಕಿ ಇದೆ. ನಮ್ಮದು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಉದ್ದಿಮೆ (ಪ್ರಮಾಣಪತ್ರ ಲಗತ್ತಿಸಿದೆ). ಎಂಎಸ್‌ಎಂಇಡಿ ಕಾಯ್ದೆಯ 45 ದಿನದ ಅವಧಿ ಮೇ 19ಕ್ಕೆ ಮುಗಿದಿದೆ. ಮೇ 29ರೊಳಗೆ ಪಾವತಿ ಮಾಡಿ, ಅಥವಾ ಯಾವ ದಿನ ಮಾಡುತ್ತೀರಿ ಅಂತ ಬರವಣಿಗೆಯಲ್ಲಿ ತಿಳಿಸಿ.

ಇದು ಕೆಲಸ ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಈ ಅವಧಿಯೊಳಗೆ ಕೊಡದ ಹಣವನ್ನು, ಕೊಡುವವರೆಗೆ ಖರ್ಚಾಗಿ ತೋರಿಸಿ ಆದಾಯ ತೆರಿಗೆ ಉಳಿಸುವಂತಿಲ್ಲ ಅನ್ನುವ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಕೌಂಟ್ಸ್ ವಿಭಾಗದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ನಿಮ್ಮ ಉದ್ಯಮ್ ಪ್ರಮಾಣಪತ್ರ ಅವರ ಫೈಲ್‌ನಲ್ಲಿ ಇರುವುದು ನಿಮಗೆ ಒಳ್ಳೆಯದು. ಮೊದಲ ಬಿಲ್ ಜೊತೆಯಲ್ಲೇ ಕೊಟ್ಟುಬಿಡಿ.

ಅದಕ್ಕೂ ಬಗ್ಗದಿದ್ದರೆ ಮೂರನೆಯದು ಲೆಟರ್‌ಹೆಡ್‌ನಲ್ಲಿ ಸಹಿ ಮಾಡಿದ ಪತ್ರ, ಅಂಚೆಯಲ್ಲಿ. ಅದರಲ್ಲಿ ಹಿಂದಿನ ಎರಡು ಇಮೇಲ್‌ಗಳ ದಿನಾಂಕ, ಅಸಲು, ಬಡ್ಡಿ, ಕೊನೆಯ ದಿನ, ಆ ದಿನ ದಾಟಿದರೆ ಎಂಎಸ್‌ಎಂಇ ಸೌಲಭ್ಯ ಮಂಡಳಿಗೆ ದೂರು ಕೊಡುತ್ತೇವೆ ಅನ್ನುವುದು ಇರಬೇಕು. ಹೇಳಿದ ಮೇಲೆ ಆ ದಿನಕ್ಕೆ ನಿಜವಾಗಿಯೂ ದೂರು ಕೊಡಿ. ಕೊಡುವ ಮನಸ್ಸಿಲ್ಲದಿದ್ದರೆ ಆ ಸಾಲು ಬರೆಯಲೇಬೇಡಿ.

## ಸರ್ಕಾರಿ ಕಚೇರಿಗೆ ಕನ್ನಡದಲ್ಲಿ

ಇಲ್ಲಿ ಒಂದು ಚೌಕಟ್ಟು ಇದೆ, ಅದನ್ನು ಬಿಡಬೇಡಿ. ಕಚೇರಿಯಲ್ಲಿ ಪತ್ರ ಬಂದ ಕೂಡಲೇ ಟಪಾಲು ವಿಭಾಗದವರು "ವಿಷಯ" ನೋಡಿ ರಿಜಿಸ್ಟರ್‌ನಲ್ಲಿ ದಾಖಲು ಮಾಡಿ ಸಂಬಂಧಪಟ್ಟ ವಿಷಯ ನಿರ್ವಾಹಕರಿಗೆ ಕಳಿಸುತ್ತಾರೆ. "ಉಲ್ಲೇಖ" ನೋಡಿ ಅವರು ಹಳೆಯ ಕಡತ ತೆಗೆಯುತ್ತಾರೆ. ಈ ಎರಡು ಸಾಲು ಸರಿ ಇದ್ದರೆ ಪತ್ರ ಸರಿಯಾದ ಮೇಜಿಗೆ ತಲುಪುತ್ತದೆ.

> ಇವರಿಗೆ,
> ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
> (ಗ್ರಾಮ ಪಂಚಾಯಿತಿ, ತಾಲ್ಲೂಕು, ಜಿಲ್ಲೆ)
>
> ಇವರಿಂದ,
> (ಹೆಸರು, ಪೂರ್ತಿ ವಿಳಾಸ, ಮೊಬೈಲ್ ಸಂಖ್ಯೆ)
>
> ಮಾನ್ಯರೇ,
>
> ವಿಷಯ: ಶಾಲೆ ರಸ್ತೆಯ ಮೂರು ಬೀದಿ ದೀಪಗಳ ದುರಸ್ತಿ ಕೋರಿ.
> ಉಲ್ಲೇಖ: ದಿನಾಂಕ 08.06.2026ರ ನನ್ನ ಅರ್ಜಿ, ಸ್ವೀಕೃತಿ ಸಂಖ್ಯೆ 214.
>
> ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಶಾಲೆ ರಸ್ತೆಯ 7, 8 ಮತ್ತು 9ನೇ ಕಂಬಗಳ ದೀಪಗಳು ಮೇ ತಿಂಗಳ ಕೊನೆಯ ವಾರದಿಂದ ಉರಿಯುತ್ತಿಲ್ಲ. ಸಂಜೆ ಟ್ಯೂಷನ್ ಮುಗಿಸಿ ಬರುವ ಮಕ್ಕಳು ಇದೇ ದಾರಿಯಲ್ಲಿ ನಡೆಯುತ್ತಾರೆ. ಉಲ್ಲೇಖಿತ ಅರ್ಜಿಗೆ ಇದುವರೆಗೆ ಉತ್ತರ ಬಂದಿಲ್ಲ.
>
> ಆದ್ದರಿಂದ ಈ ಮೂರು ದೀಪಗಳನ್ನು 20.07.2026ರೊಳಗೆ ದುರಸ್ತಿ ಮಾಡಿಸಿ, ಕೈಗೊಂಡ ಕ್ರಮದ ಬಗ್ಗೆ ಹಿಂಬರಹ ನೀಡಬೇಕಾಗಿ ಕೋರುತ್ತೇನೆ.
>
> ಲಗತ್ತು: 1. ಹಿಂದಿನ ಅರ್ಜಿಯ ಸ್ವೀಕೃತಿ ಪ್ರತಿ. 2. ಫೋಟೋಗಳು.
>
> ಸ್ಥಳ:
> ದಿನಾಂಕ: 06.07.2026
>
> ವಂದನೆಗಳೊಂದಿಗೆ,
> ತಮ್ಮ ವಿಶ್ವಾಸಿ,
> (ಸಹಿ, ಹೆಸರು)

ಕಂಬದ ಸಂಖ್ಯೆ ಬರೆದದ್ದನ್ನು ಗಮನಿಸಿ. "ನಮ್ಮ ಬೀದಿಯಲ್ಲಿ ಕತ್ತಲೆ" ಅಂದರೆ ದುರಸ್ತಿಯವರು ಊರೆಲ್ಲ ಸುತ್ತಬೇಕು. ಹಿಂಬರಹ ಕೇಳಿದ್ದೂ ಬೇಕಂತಲೇ. ಅದು ಕಚೇರಿಯ ಲಿಖಿತ ಉತ್ತರ. ಆಗುವುದಿಲ್ಲ ಅಂದರೂ ಯಾಕೆ ಆಗುವುದಿಲ್ಲ ಅನ್ನುವುದು ಕಾಗದದ ಮೇಲೆ ಸಿಗುತ್ತದೆ, ಮೇಲಿನ ಅಧಿಕಾರಿಗೆ ಹೋಗಲು ಅದೇ ಆಧಾರ.

ಅರ್ಜಿಯನ್ನು ಯಾವಾಗಲೂ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. "ಕೊಟ್ಟು ಹೋಗಿ, ನೋಡ್ತೀವಿ" ಅಂದರೆ ನಿಧಾನವಾಗಿ, ಆದರೆ ಬಿಡದೆ, ಸ್ವೀಕೃತಿ ಕೇಳಿ. ಕೊಡದಿದ್ದರೆ ಅದನ್ನೇ ಅಂಚೆಯಲ್ಲಿ ಕಳಿಸಿ. ಗೊತ್ತಾದ ದಿನದೊಳಗೆ ಸೇವೆ ಕೊಡಬೇಕು ಅನ್ನುವ ಸಕಾಲ ಕಾಯ್ದೆ (2011) ಅಡಿ ಬರುವ ಸೇವೆಯಾದರೆ ಅರ್ಜಿ ಕೊಟ್ಟಾಗ ಅದರ ಗುರುತಾಗಿ ಜಿಎಸ್‌ಸಿ ಸಂಖ್ಯೆ ಸಿಗುತ್ತದೆ. ಮುಂದಿನ ಪ್ರತಿ ಪತ್ರದ ಉಲ್ಲೇಖದಲ್ಲೂ ಆ ಸಂಖ್ಯೆ ಇರಲಿ. ಉತ್ತರ ಬರದಿದ್ದರೆ ಇದೇ ಚೌಕಟ್ಟಿನಲ್ಲಿ ನೆನಪೋಲೆ ಬರೆಯಿರಿ, ವಿಷಯದ ಪಕ್ಕ "ನೆನಪೋಲೆ 1" ಅಂತ ಸೇರಿಸಿ. ಅದಾದ ಮೇಲೂ ಸುದ್ದಿ ಇಲ್ಲದಿದ್ದರೆ, "ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಯ ನಕಲು ಕೊಡಿ" ಅಂತ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಅದಕ್ಕೆ 30 ದಿನದೊಳಗೆ ಉತ್ತರ ಕೊಡಲೇಬೇಕು.

## ಬ್ಯಾಂಕ್ ದೂರು, ಕೆಲಸದ ಅರ್ಜಿ

ಬ್ಯಾಂಕಿಗೆ ಬರೆಯುವಾಗ ಖಾತೆಯ ಕೊನೆಯ ನಾಲ್ಕು ಅಂಕಿ, ವಹಿವಾಟಿನ ದಿನಾಂಕ, ಮೊತ್ತ, ವಹಿವಾಟು ಸಂಖ್ಯೆ ಸಾಕು. ಪಿನ್, ಒಟಿಪಿ, ಕಾರ್ಡಿನ ಪೂರ್ತಿ ಸಂಖ್ಯೆ ಯಾವ ಪತ್ರದಲ್ಲೂ ಬೇಡ. ದೂರಿನ ಸಂಖ್ಯೆ ತೆಗೆದುಕೊಳ್ಳಿ, ದಿನ ಎಣಿಸಿ. 30 ದಿನದೊಳಗೆ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಹತ್ತಿರ ಹೋಗಬಹುದು. ಮೊದಲು ಬ್ಯಾಂಕಿಗೆ ಬರೆದ ದಾಖಲೆ ಇಲ್ಲದೆ ಅಲ್ಲಿ ದೂರು ನಿಲ್ಲುವುದಿಲ್ಲ.

ಕೆಲಸದ ಅರ್ಜಿಯಲ್ಲಿ ರೆಸ್ಯೂಮೆಯಲ್ಲಿ ಇರುವುದನ್ನೇ ಮತ್ತೆ ಬರೆಯಬೇಡಿ. ಯಾವ ಹುದ್ದೆ, ಎಲ್ಲಿ ನೋಡಿದಿರಿ, ಆ ಜಾಹೀರಾತಿನಲ್ಲಿ ಕೇಳಿದ ಕೆಲಸಗಳಲ್ಲಿ ನೀವು ನಿಜವಾಗಿ ಮಾಡಿರುವ ಒಂದೆರಡು ಯಾವುವು, ಯಾವತ್ತಿನಿಂದ ಸೇರಬಹುದು, ಇಷ್ಟೇ. "ಕಷ್ಟಪಟ್ಟು ದುಡಿಯುವವನು" ಅನ್ನುವುದಕ್ಕಿಂತ "ಎರಡು ವರ್ಷ ಟ್ಯಾಲಿಯಲ್ಲಿ ಜಿಎಸ್‌ಟಿ ರಿಟರ್ನ್ಸ್ ಲೆಕ್ಕ ನೋಡಿದ್ದೇನೆ" ಅನ್ನುವ ಸಾಲು ನೂರು ಪಟ್ಟು ವಾಸಿ. ರೆಸ್ಯೂಮೆ ಪಿಡಿಎಫ್‌ನಲ್ಲಿರಲಿ, ಫೈಲ್ ಹೆಸರಿನಲ್ಲಿ ನಿಮ್ಮ ಹೆಸರು, ಹುದ್ದೆ ಇರಲಿ. "ಫೈನಲ್ ನ್ಯೂ 2" ಅನ್ನುವ ಹೆಸರಿನ ಫೈಲ್ ಇನ್ನೂರು ಅರ್ಜಿಗಳ ನಡುವೆ ಕಳೆದುಹೋಗುತ್ತದೆ.

## ಕೆಟ್ಟ ಸುದ್ದಿ ಹೇಳುವಾಗ

ಮಾಲು ತಡ, ಪ್ರಾಜೆಕ್ಟ್ ತಡ, ಆರ್ಡರ್ ಮಾಡಲು ಆಗುವುದಿಲ್ಲ. ಇಂಥ ಇಮೇಲನ್ನು ಎಲ್ಲರೂ ಮುಂದೂಡುತ್ತಾರೆ. ಮುಂದೂಡಿದಷ್ಟೂ ಎದುರಿನವರಿಗೆ ಬೇರೆ ದಾರಿ ಹುಡುಕುವ ಸಮಯ ಕಡಿಮೆಯಾಗುತ್ತದೆ. ಗೊತ್ತಾದ ದಿನವೇ ಬರೆಯಿರಿ, ಸುದ್ದಿಯನ್ನು ಮೊದಲ ಸಾಲಿನಲ್ಲೇ ಹೇಳಿ:

> 500 ಬ್ರಾಕೆಟ್‌ಗಳನ್ನು 18ಕ್ಕೆ ಪೂರ್ತಿ ಕೊಡಲು ಆಗುವುದಿಲ್ಲ. 18ಕ್ಕೆ 300, ಉಳಿದ 200 ಅನ್ನು 23ಕ್ಕೆ ಕಳಿಸುತ್ತೇವೆ. ಪ್ಲೇಟಿಂಗ್ ಮಾಡಿಸುವ ಕಡೆ ಯಂತ್ರ ಕೆಟ್ಟಿದೆ. ನಿಮ್ಮ ಲೈನ್‌ಗೆ 18ರಂದೇ 300ಕ್ಕಿಂತ ಜಾಸ್ತಿ ಬೇಕಿದ್ದರೆ ಇವತ್ತು ಸಂಜೆಯೊಳಗೆ ತಿಳಿಸಿ, ಬೇರೆ ಕಡೆ ಪ್ಲೇಟಿಂಗ್ ಮಾಡಿಸಲು ನೋಡುತ್ತೇವೆ. ತೊಂದರೆಗೆ ಕ್ಷಮೆ ಇರಲಿ.

ಕಾರಣ ಒಂದೇ ಸಾಲು, ಕ್ಷಮೆ ಒಂದೇ ಸಲ. ಉಳಿದದ್ದೆಲ್ಲ ಈಗೇನು ಮಾಡುವುದು ಅನ್ನುವುದಕ್ಕೆ. ಹೊಸ ದಿನಾಂಕ ಕೊಡುವಾಗ ಎದುರಿನವರನ್ನು ಸಮಾಧಾನ ಮಾಡಲು ಆಗದ ದಿನ ಬರೆಯಬೇಡಿ. ಎರಡನೇ ಸಲ ತಪ್ಪಿದ ದಿನಾಂಕ ಮೊದಲನೆಯದಕ್ಕಿಂತ ಜಾಸ್ತಿ ಹಾಳುಮಾಡುತ್ತದೆ.

ಸಿಟ್ಟು ಬಂದಾಗ ಬರೆದದ್ದನ್ನು ಡ್ರಾಫ್ಟ್‌ನಲ್ಲೇ ಬಿಡಿ, "ಟು" ಜಾಗ ಖಾಲಿ ಇರಲಿ. ಮರುದಿನ ಬೆಳಿಗ್ಗೆ ಓದಿ, ಮನುಷ್ಯರ ಬಗ್ಗೆ ಬರೆದ ವಾಕ್ಯ ಅಳಿಸಿ, ಕೆಲಸದ ಬಗ್ಗೆ ಬರೆದದ್ದನ್ನು ಉಳಿಸಿ.

## ಕನ್ನಡ ಟೈಪಿಂಗ್, ಲಗತ್ತು, ಸಿಸಿ

ಕನ್ನಡದಲ್ಲಿ ಇಮೇಲ್ ಕಳಿಸುವವರಿಗೆ ಯೂನಿಕೋಡ್ ಅತಿ ಮುಖ್ಯ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿ ಇಮೇಲ್‌ಗೆ ಅಂಟಿಸಿದರೆ, ಆ ಫಾಂಟ್ ಇಲ್ಲದವರಿಗೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದದ್ದು ಯಾವ ಮೊಬೈಲ್‌ನಲ್ಲೂ ಕನ್ನಡವಾಗಿಯೇ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ. ಹಳೆಯ ಕಡತ ಆಸ್ಕಿಯಲ್ಲೇ ಇದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ ಕಳಿಸಿ, ಆಗದಿದ್ದರೆ ಪಿಡಿಎಫ್ ಮಾಡಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು, ಒಮ್ಮೆ ಪೂರ್ತಿ ಓದಿ ನೋಡಿ.

"ಟು"ನಲ್ಲಿ ಕೆಲಸ ಮಾಡಬೇಕಾದವರು, "ಸಿಸಿ"ಯಲ್ಲಿ ತಿಳಿದಿರಬೇಕಾದವರು. "ಟು"ನಲ್ಲಿ ಐದು ಜನರಿದ್ದರೆ ಒಳಗೆ ಯಾರು ಏನು ಮಾಡಬೇಕು ಅಂತ ಹೆಸರು ಹಾಕಿ, ಇಲ್ಲದಿದ್ದರೆ ಐವರೂ ಇನ್ನೊಬ್ಬರು ಮಾಡುತ್ತಾರೆ ಅಂದುಕೊಳ್ಳುತ್ತಾರೆ. ಗಿರಾಕಿಗಳಿಗೆಲ್ಲ ಒಂದೇ ಸೂಚನೆ ಕಳಿಸುವಾಗ ವಿಳಾಸಗಳು "ಬಿಸಿಸಿ"ಯಲ್ಲಿರಲಿ. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕೊಡುವ ಹಕ್ಕು ನಮಗಿಲ್ಲ ಅಲ್ವಾ?

ಜಿಮೇಲ್‌ನಲ್ಲಿ ಲಗತ್ತಿಗೆ 25 ಎಂಬಿ ಮಿತಿ. ದೊಡ್ಡದಾದರೆ ಡ್ರೈವ್ ಲಿಂಕ್ ಕೊಡಿ, ನೋಡುವ ಅನುಮತಿ ಕೊಟ್ಟಿದ್ದೀರಾ ಅಂತ ಖಚಿತ ಮಾಡಿಕೊಳ್ಳಿ. ಅಲ್ಲೇ ಸೆಟ್ಟಿಂಗ್ಸ್‌ನಲ್ಲಿ "ಅಂಡೂ ಸೆಂಡ್" (ಕಳಿಸಿದ್ದನ್ನು ವಾಪಸ್ ತೆಗೆದುಕೊಳ್ಳುವ) ಸಮಯವನ್ನು 30 ಸೆಕೆಂಡ್‌ಗೆ ಏರಿಸಿಕೊಳ್ಳಿ. ಕಳಿಸಿದ ಕೂಡಲೇ ಕಾಣುವ ತಪ್ಪುಗಳಿಗೆ ಅಷ್ಟು ಸಮಯ ಸಾಕು.

## ಕಳಿಸುವ ಮೊದಲು, ಕಳಿಸಿದ ಮೇಲೆ

ಲಗತ್ತು ಮೊದಲು ಸೇರಿಸಿ, ಆಮೇಲೆ ಬರೆಯಿರಿ, ವಿಳಾಸ ಕೊನೆಗೆ ತುಂಬಿ. ಈ ಕ್ರಮ ಇಟ್ಟುಕೊಂಡರೆ ಅರ್ಧ ಬರೆದದ್ದು ಹೋಗುವುದೂ ಇಲ್ಲ, ಫೈಲ್ ಇಲ್ಲದೆ ಹೋಗುವುದೂ ಇಲ್ಲ. ಒಮ್ಮೆ ಜೋರಾಗಿ ಓದಿ. ನಾಲಿಗೆ ತೊಡರಿದ ಕಡೆ ವಾಕ್ಯ ಒಡೆಯಿರಿ. ಅಂಕಿಗಳನ್ನು ಮೂಲ ಕಾಗದದ ಜೊತೆ ಇಟ್ಟು ನೋಡಿ. ಕೊನೆಗೆ, ನಿಮ್ಮ ವಿಷಯ ಏನೂ ಗೊತ್ತಿಲ್ಲದ ಮನೆಯವರೊಬ್ಬರಿಗೆ ತೋರಿಸಿ "ಇವರು ಏನು ಮಾಡಬೇಕಂತೆ?" ಅಂತ ಕೇಳಿ. ಅವರು ಹೇಳಿದ್ದು ನಿಮ್ಮ ಚೀಟಿಯ ವಾಕ್ಯಕ್ಕೆ ಹೊಂದಿದರೆ ಕಳಿಸಬಹುದು. ಗುಟ್ಟಿನ ವಿಷಯವಾದರೆ ಮಾತ್ರ ಇದು ಬೇಡ.

ಕಳಿಸಿದ ಕೂಡಲೇ ಕ್ಯಾಲೆಂಡರ್‌ನಲ್ಲಿ ಎರಡು ದಿನ ಗುರುತು ಹಾಕಿ: ನೀವು ಕೊಟ್ಟ ಗಡುವು, ಮತ್ತು ಅದರ ಮರುದಿನ. ಮರುದಿನ ಬರೆಯುವ ನೆನಪೋಲೆಯನ್ನು ಈಗಲೇ ಡ್ರಾಫ್ಟ್ ಮಾಡಿಟ್ಟರೆ ಇನ್ನೂ ಒಳ್ಳೆಯದು. ಉತ್ತರ ಬಂದರೆ, ಕೆಲಸ ಆಗಿದ್ದರೆ, ಒಂದು ಸಾಲು ಬರೆಯಿರಿ: "ಬಿಲ್ 118ರ ₹64,900 ಇವತ್ತು ಜಮಾ ಆಯಿತು, ಧನ್ಯವಾದ." ಇದರಿಂದ ಅವರ ಕಡೆಯ ಲೆಕ್ಕವೂ ಮುಚ್ಚುತ್ತದೆ, ಮುಂದಿನ ಬಿಲ್ ಹೋದಾಗ ನಿಮ್ಮ ಹೆಸರೂ ನೆನಪಿರುತ್ತದೆ. ಆಮೇಲೆ ಇಡೀ ಸರಣಿಯನ್ನು ಬಿಲ್ ಸಂಖ್ಯೆಯ ಹೆಸರಿನ ಫೋಲ್ಡರ್‌ಗೆ ಹಾಕಿ, ಕಾಗದದ ಪ್ರತಿಗಳನ್ನು ಅಂಚೆ ರಸೀದಿ ಜೊತೆ ಒಟ್ಟಿಗೆ ಪಿನ್ ಮಾಡಿ ಫೈಲಿಗೆ ಸೇರಿಸಿ.